ಗಾಂಧಿ ಕ್ಲಾಸನ್ನು ಕಿತ್ತುಹಾಕಿದವರು ಯಾರು?

ಹಳೆಯ ಟಾಕೀಸೊಂದು ಬಾಗಿಲು ಹಾಕಿದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ ಒಂದು ಬಗೆಯ ತಿಥಿ ನಡೆಯುತ್ತದೆ. ಕಪ್ಪು ಬಿಳುಪಿನ ಒಂದು ಫೋಟೊ. ಪಕ್ಕದಲ್ಲಿ ಯಾರೋ ನಿವೃತ್ತ ಮಹನೀಯರ ನೆನಪು. ಬಾಲ್ಕನಿಯಲ್ಲಿ ಕೂತು ನೋಡಿದ ಇಂಗ್ಲಿಷ್ ಸಿನಿಮಾ, ಇಂಟರ್‌ವಲ್ಲಿನಲ್ಲಿ ತಿಂದ ಸಮೋಸ, ಆ ಕಾಲದ ಶಿಸ್ತು, ಆ ಕಾಲದ ಸೊಗಸು. ಕೊನೆಗೊಂದು ನಿಟ್ಟುಸಿರು. ಎಲ್ಲ ಓದಿ ಮುಗಿಸಿದ ಮೇಲೂ ಒಂದು ಪ್ರಶ್ನೆ ಹಾಗೇ ಉಳಿದುಬಿಡುತ್ತೆ. ಅದೇ ಟಾಕೀಸಿನ ಕೆಳಗೆ, ತೆರೆಯ ಕಾಲಬುಡದಲ್ಲಿ, ಕತ್ತು ಮೇಲೆತ್ತಿ ಕೂತಿದ್ದರಲ್ಲ, ಆ ಜನ ಎಲ್ಲಿ ಹೋದರು? ಅವರ ಬಗ್ಗೆ ಒಂದು ಸಾಲೂ ಇಲ್ಲ. ಬಾಲ್ಕನಿಯಿಂದ ನೋಡಿದರೆ ಮುಂದಿನ ಸಾಲಿನವರ ತಲೆ ಮಾತ್ರ ಕಾಣುತ್ತೆ, ಮುಖ ಕಾಣೋದಿಲ್ಲ.

ಆ ಮುಂದಿನ ಜಾಗಕ್ಕೆ ನಮ್ಮಲ್ಲಿ ಒಂದು ಹೆಸರಿತ್ತು. ಗಾಂಧಿ ಕ್ಲಾಸ್. ಎಲ್ಲಕ್ಕಿಂತ ಅಗ್ಗದ ಟಿಕೆಟ್ಟು. ಕೂರಲು ಬರೀ ನೆಲ, ಇಲ್ಲವೆ ಒರಗಲು ಏನೂ ಇಲ್ಲದ ಬೆಂಚು. ಈ ದೇಶ ಗಾಂಧಿಯನ್ನು ನೋಟಿನ ಮೇಲೆ ಅಚ್ಚು ಹಾಕಿತು, ಕಚೇರಿಯ ಗೋಡೆಗೆ ತೂಗು ಹಾಕಿತು. ಅದೇ ಹೆಸರನ್ನು ಕಡುಬಡವ ಕೂರುವ ಜಾಗಕ್ಕೂ ಧಾರಾಳವಾಗಿ ಬಿಟ್ಟುಕೊಟ್ಟಿತು. ಹೆಸರಿಟ್ಟವರು ಲೇವಡಿಗೆ ಇಟ್ಟರೋ ಅಭಿಮಾನಕ್ಕೆ ಇಟ್ಟರೋ, ಅದು ಬೇರೆ ಮಾತು. ಅಲ್ಲಿ ಕೂತವರು ಯಾರು ಅನ್ನುವುದರಲ್ಲಿ ಮಾತ್ರ ಅನುಮಾನವಿಲ್ಲ. ಗಾರೆ ಕೆಲಸದವನು, ಮಂಡಿಯಲ್ಲಿ ಮೂಟೆ ಹೊರುವವನು, ಜಾಡಮಾಲಿ, ಜಟಕಾದವನು, ಜೀತಕ್ಕಿದ್ದ ಹುಡುಗ, ಕಬ್ಬು ಕಡಿದು ಕೂಲಿ ಪಡೆದ ಹೆಂಗಸು. ಅಂದರೆ ನಾವು.

ಆದ್ದರಿಂದ ಈ ಲೇಖನ ಟಾಕೀಸಿನ ತಿಥಿಯೂಟಕ್ಕೆ ಬಂದದ್ದಲ್ಲ. ಲೆಕ್ಕ ಕೇಳಲು ಬಂದದ್ದು.

*

ಒಂದು ಮಾತನ್ನು ಮೊದಲು ಗಟ್ಟಿಮಾಡಿಕೊಳ್ಳೋಣ. ಟಿಕೆಟ್ಟು ಅಂದರೇನು? ಬೆರಳಗಲದ ಒಂದು ಬಣ್ಣದ ಕಾಗದ. ಅದರ ಮೇಲೆ ದರ ಇರುತ್ತೆ, ಆಟ ಯಾವುದು ಅಂತ ಇರುತ್ತೆ. ಅಪ್ಪನ ಹೆಸರಿರುವುದಿಲ್ಲ, ಕೇರಿಯ ಹೆಸರಿರುವುದಿಲ್ಲ, ಜಾತಿ ಇರುವುದಿಲ್ಲ. ಕಿಂಡಿಯೊಳಗೆ ಕೈ ಹಾಕಿ ಚಿಲ್ಲರೆ ಇಟ್ಟರೆ ಆ ಕಾಗದ ಬರುತ್ತೆ. ಆ ಕಿಂಡಿ ಎಷ್ಟು ಚಿಕ್ಕದು ಅಂದರೆ ಒಳಗಿನವನಿಗೆ ಕೈ ಮಾತ್ರ ಕಾಣುತ್ತೆ.

ಇದು ದೊಡ್ಡ ಸಂಗತಿಯೇ ಅಂತ ಕೇಳುವವರು ನಮ್ಮ ಊರುಗಳನ್ನು ಒಮ್ಮೆ ನೆನೆಸಿಕೊಳ್ಳಬೇಕು. ದೇವಸ್ಥಾನದ ಬಾಗಿಲಲ್ಲಿ ಜಾತಿ ಕೇಳುತ್ತಿದ್ದರು. ಬಾವಿಯ ಕಟ್ಟೆಯಲ್ಲಿ ಕೇಳುತ್ತಿದ್ದರು. ಹೋಟೆಲಿನಲ್ಲಿ ಲೋಟ ಬೇರೆ. ಕ್ಷೌರದ ಅಂಗಡಿಯಲ್ಲಿ ಕುರ್ಚಿಯೇ ಇಲ್ಲ. ಎಷ್ಟೋ ಊರುಗಳಲ್ಲಿ ಇದು ಇವತ್ತಿಗೂ ‘ಇತ್ತು’ ಆಗಿಲ್ಲ, ‘ಇದೆ’ ಆಗಿಯೇ ಉಳಿದಿದೆ. ಸಂವಿಧಾನ 1950ರಲ್ಲಿ ಜಾರಿಗೆ ಬಂದಾಗ ಅದರ 15ನೇ ವಿಧಿಯ ಎರಡನೇ ಭಾಗದಲ್ಲಿ ಅಂಗಡಿ, ಹೋಟೆಲುಗಳ ಜೊತೆಗೇ ಸಾರ್ವಜನಿಕ ಮನರಂಜನೆಯ ಸ್ಥಳಗಳನ್ನೂ ಬರೆದರು: ಇಲ್ಲಿ ಯಾರನ್ನೂ ಜಾತಿಯ ಕಾರಣಕ್ಕೆ ತಡೆಯುವಂತಿಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾನೂನು, ಅಂದರೆ 1976ರಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರು ಬದಲಾದದ್ದು, ಇದಕ್ಕೆ ಶಿಕ್ಷೆಯನ್ನೂ ಗೊತ್ತುಮಾಡಿತು. ಬರೆದವರಿಗೆ ಗೊತ್ತಿತ್ತು, ಮನುಷ್ಯನಿಗೆ ನೀರು ಅನ್ನ ಸಾಲದು, ನಾಲ್ಕು ಜನರ ಜೊತೆ ಕೂತು ನಗುವ ಹಕ್ಕೂ ಬೇಕು ಅಂತ.

ಟಾಕೀಸಿನ ಯಜಮಾನ ಸಂವಿಧಾನ ಓದಿ ಗೇಟು ತೆರೆದನು ಅಂತ ಯಾರೂ ತಿಳಿಯಬೇಡಿ. ಅವನಿಗೆ ಬೇಕಾದದ್ದು ನಮ್ಮ ಚಿಲ್ಲರೆ ಕಾಸು. ಕಾಸಿಗೆ ಮಡಿ ಇಲ್ಲ. ಮೇಲ್ಜಾತಿಯವರನ್ನು ಮಾತ್ರ ಕೂರಿಸಿ ದಿನಕ್ಕೆ ಮೂರು ನಾಲ್ಕು ಆಟ ತುಂಬಿಸುವುದು ಅವನಿಂದ ಸಾಧ್ಯವಿರಲಿಲ್ಲ. ಲಾಭದ ಆಸೆ ಅವನಿಂದ ಮಾಡಿಸಿದ ಕೆಲಸವನ್ನು ಧರ್ಮ ಯಾವತ್ತೂ ಮಾಡಿರಲಿಲ್ಲ.

ಬಯಲುಸೀಮೆಯ ಹಳ್ಳಿಗಳ ಟೆಂಟ್ ಸಿನಿಮಾ ನೋಡಿದವರಿಗೆ ಇನ್ನೊಂದು ತಮಾಷೆ ನೆನಪಿರಬೇಕು. ಆಟ ಶುರುವಾಗುವ ಮುಂಚೆ ಮೈಕಿನಲ್ಲಿ ಘಂಟಸಾಲ ಹಾಡಿದ ವೆಂಕಟೇಶನ ಹಾಡು ಹಾಕುತ್ತಿದ್ದರು. ಆ ಹಾಡು ಬಂತು ಅಂದರೆ ಟಿಕೆಟ್ಟು ಕೊಡೋಕೆ ಶುರು ಅಂತ ಅರ್ಥ. ಮೈಲಿ ದೂರದ ಹೊಲಗೇರಿ ಮಾದಿಗರ ಕೇರಿಗೂ ಅದು ಕೇಳಿಸುತ್ತಿತ್ತು. ಊರೊಳಗಿನ ಗುಡಿಯಲ್ಲಿ ಅದೇ ದೇವರು ನಮಗೆ ಹೊಸ್ತಿಲಾಚೆಯೇ. ಟೆಂಟಿನಲ್ಲಿ ಮಾತ್ರ ಆ ದೇವರ ಹೆಸರು ಹೇಳಿ ಬಾ ಬಾ ಅಂತ ಕರೆಯುತ್ತಿದ್ದರು. ಗುಡಿಯ ಪೂಜಾರಿ ಬಿಡದ ಜಾಗಕ್ಕೆ ಟೆಂಟಿನ ಗೇಟ್‌ಕೀಪರು ಬಿಟ್ಟ.

*

ಹಾಗಾದರೆ ಟಾಕೀಸು ಸಮತೆಯ ಸ್ವರ್ಗವಾಗಿತ್ತೆ? ಇಲ್ಲ. ಸುಳ್ಳು ಹೇಳಿ ಹಳೆಯದನ್ನು ಹೊಗಳುವುದು ಅವರ ಕೆಲಸ, ನಮ್ಮದಲ್ಲ.

ಮೊದಲನೆಯದು, ಮೆಟ್ಟಿಲು. ನೆಲ, ಬೆಂಚು, ಕುರ್ಚಿ, ಮೇಲೆ ಬಾಲ್ಕನಿ. ನಮ್ಮ ಸಮಾಜದ ಏಣಿಯನ್ನೇ ತಂದು ಮಲಗಿಸಿದ ಹಾಗೆ. ಗೇಟೂ ಬೇರೆ, ಎಷ್ಟೋ ಕಡೆ ನೀರಿನ ತೊಟ್ಟಿಯೂ ಬೇರೆ. ಒಂದು ವ್ಯತ್ಯಾಸವಿತ್ತು: ಈ ಏಣಿಯಲ್ಲಿ ಕಾಸಿದ್ದವನು ಮೇಲೆ ಹತ್ತಬಹುದಿತ್ತು. ಹುಟ್ಟಿನ ಏಣಿಯಲ್ಲಿ ಹತ್ತುವುದು ಅಂತಲೇ ಇಲ್ಲ. ಆದರೆ ಕಾಸು ಯಾರ ಹತ್ತಿರ ಇತ್ತು ಅಂತ ಕೇಳಿದರೆ ಎರಡು ಏಣಿಯೂ ಒಂದೇ ಗೋಡೆಗೆ ಒರಗಿದ್ದು ಕಾಣುತ್ತೆ. ಹಳ್ಳಿಯ ಟೆಂಟಿನಲ್ಲಂತೂ ಕತ್ತಲಾಗುವ ತನಕ ಯಾರು ಯಾರೆಂಬುದು ಎಲ್ಲರಿಗೂ ಗೊತ್ತು. ಗೌಡರ ಮನೆಯವರು ಬಂದರೆ ಮರಳು ಗುಡ್ಡೆ ಮಾಡಿಕೊಂಡು ಎತ್ತರದಲ್ಲಿ ಕೂತಿದ್ದ ನಮ್ಮ ಹುಡುಗ ಗುಡ್ಡೆ ಬಿಟ್ಟು ಏಳಬೇಕಾಗುತ್ತಿತ್ತು.

ಎರಡನೆಯದು, ಯಜಮಾನಿಕೆ. ಟಾಕೀಸು ಕಟ್ಟಲು ಪೇಟೆಯ ನಡುವೆ ಜಾಗ ಬೇಕು, ದುಡ್ಡು ಬೇಕು, 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಯಿಂದ ಲೈಸೆನ್ಸು ಬೇಕು. ಈ ಮೂರೂ ನಮ್ಮ ಕೇರಿಗಳಲ್ಲಿ ಬೆಳೆಯುವ ಬೆಳೆಯಲ್ಲ. ಒಳಗೆ ಕಸ ಗುಡಿಸಿದ್ದು, ಪಾಯಿಖಾನೆ ತೊಳೆದದ್ದು, ಗೋಡೆಗೆ ಪೋಸ್ಟರ್ ಮೆತ್ತಿದ್ದು, ಎತ್ತಿನ ಗಾಡಿಯ ಮುಂದೆ ತಮಟೆ ಬಡಿದು ಹ್ಯಾಂಡ್‌ಬಿಲ್ ಹಂಚಿದ್ದು ನಾವು. ಈ ಕೆಲಸಗಾರರಿಗೋಸ್ಕರ 1981ರಲ್ಲಿ ಪಾರ್ಲಿಮೆಂಟು ಸಿನಿಮಾ ಹಾಗೂ ಚಿತ್ರಮಂದಿರ ಕಾರ್ಮಿಕರ ಕಾಯ್ದೆ ಮಾಡಿತು. ಐದು ಜನ ದುಡಿಯುವ ಟಾಕೀಸಿಗೂ ಭವಿಷ್ಯನಿಧಿ, ಗ್ರಾಚ್ಯುಯಿಟಿ ಅನ್ವಯಿಸುತ್ತದೆ ಎಂದಿತು. ಟಾಕೀಸು ಮುಚ್ಚಿದ ದಿನ ಎಷ್ಟು ಜನ ಗೇಟ್‌ಕೀಪರುಗಳ, ಎಷ್ಟು ಜನ ಕಸ ಗುಡಿಸುವವರ ಕೈಗೆ ಆ ದುಡ್ಡು ಬಂತು? ಕೇಳಿ ನೋಡಿ. ಆ ಕಾಯ್ದೆಯನ್ನು ಈಗ ಹೊಸ ಕಾರ್ಮಿಕ ಸಂಹಿತೆಯೊಳಗೆ ಕರಗಿಸಿ 2025ರ ನವೆಂಬರಿನಲ್ಲಿ ಜಾರಿ ಮಾಡಿದ್ದಾರೆ. ಹಳೆಯ ಕಾನೂನಿನ ಬಾಕಿ ತೀರುವ ಮೊದಲೇ ಕಾನೂನೇ ತೀರಿಕೊಂಡಿತು.

ಮೂರನೆಯದು, ಸಿನಿಮಾ ಬರುವ ಕ್ರಮ. ಸಿನಿಮಾ ವ್ಯಾಪಾರದವರು ಊರುಗಳಿಗೂ ಜಾತಿ ಕಟ್ಟಿದ್ದರು: ಎ ಸೆಂಟರು, ಬಿ ಸೆಂಟರು, ಸಿ ಸೆಂಟರು. ಮದುವೆ ಮನೆಯ ಪಂಕ್ತಿಯ ಹಾಗೆ. ಬೆಂಗಳೂರು ಮೈಸೂರಿನವರು ಉಂಡೆದ್ದ ಮೇಲೆ ತಾಲ್ಲೂಕು, ತಾಲ್ಲೂಕಿನವರು ಉಂಡ ಮೇಲೆ ಟೆಂಟು. ನಮಗೆ ಬರುವ ಹೊತ್ತಿಗೆ ರೀಲಿನ ಮೇಲೆಲ್ಲ ಗೀರು, ನಡುನಡುವೆ ತುಂಡು, ಹಾಡು ಅರ್ಧಕ್ಕೇ ಹಾರಿ ಫೈಟು ಬಂದುಬಿಡುತ್ತಿತ್ತು.

ನಾಲ್ಕನೆಯದು, ತೆರೆ. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಸಿನಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆ ಕಂಡಿತು. ಅಲ್ಲಿಂದಾಚೆಗೆ ತೆರೆಯ ಮೇಲೆ ರಾಜ ಬಂದ, ದೇವರು ಬಂದ, ಜಮೀನ್ದಾರ ಬಂದ, ಒಳ್ಳೆಯ ಗೌಡ ಬಂದ, ಕೆಟ್ಟ ಗೌಡ ಬಂದ. ನಾವು ಬಂದದ್ದು ಕೈಕಟ್ಟಿ ನಿಲ್ಲೋಕೆ, ಇಲ್ಲವೆ ಸಾಯೋಕೆ. 1975ರ ‘ಚೋಮನ ದುಡಿ’ ರಾಷ್ಟ್ರದಲ್ಲೇ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ಪಡೆಯಿತು. ಅದರಲ್ಲೂ ಚೋಮ ಒಂದು ತುಂಡು ಭೂಮಿ ಸಿಗದೆಯೇ ಸತ್ತ. ಪದಕ ದೆಹಲಿಯಲ್ಲಿ, ಭೂಮಿ ಧಣಿಯ ಕೈಲಿ. ಕೂರುವ ನೆಲ ನಮ್ಮದಾಗಿತ್ತು, ನೋಡುವ ತೆರೆ ನಮ್ಮದಾಗಿರಲಿಲ್ಲ.

ಹೆಂಗಸರ ಮಾತನ್ನೂ ಹೇಳಿಬಿಡಬೇಕು. ಟೆಂಟಿನಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ಮೊಳದುದ್ದದ ಗೋಡೆ. ಸೆಕೆಂಡ್ ಷೋಗೆ ಹೋದ ಹೆಂಗಸಿಗೆ ಊರೆಲ್ಲ ಬಿರುದು. ಆದರೂ ಅವರು ಹೋದರು. ಕೂಸನ್ನು ಸೊಂಟದ ಮೇಲೆ ಹೊತ್ತು, ಕಡಲೆಕಾಯಿ ಮಡಿಲಲ್ಲಿ ಕಟ್ಟಿಕೊಂಡು, ಮೂರು ಮೈಲಿ ನಡೆದು ಹೋದರು. ಹೊಲ, ಒಲೆ, ಗಂಡನ ಹೊಡೆತ ಇವು ಮೂರೂ ಇಲ್ಲದ ಮೂರು ಗಂಟೆಯನ್ನು ದುಡ್ಡು ಕೊಟ್ಟು ಕೊಂಡರು. ಇದನ್ನು ಅಗ್ಗದ ಮನರಂಜನೆ ಅಂತ ಬರೆದ ವಿಮರ್ಶಕರ ಮನೆಯ ಅಡುಗೆ ಯಾರು ಮಾಡುತ್ತಿದ್ದರೋ!

ಇಷ್ಟೆಲ್ಲ ಕುಂದುಗಳ ನಡುವೆಯೂ ಒಂದು ಮಾತು ನಿಜ. ದೀಪ ಆರಿದ ಮೇಲೆ ಪಕ್ಕದವನ ಮೈ ತಾಗಿದರೆ ಯಾರೂ ಎದ್ದು ಸ್ನಾನಕ್ಕೆ ಓಡಲಿಲ್ಲ. ಒಂದೇ ಮಾತಿಗೆ ನಕ್ಕರು, ಒಂದೇ ಏಟಿಗೆ ಸಿಳ್ಳೆ ಹಾಕಿದರು. ಸಿನಿಮಾ ಹಿಡಿಸದಿದ್ದರೆ ಗಾಂಧಿ ಕ್ಲಾಸಿನವನು ಎದ್ದು ನಿಂತು ಕೂಗಿದ. ಅವನ ಕೂಗಿಗೆ ಪ್ರೊಡ್ಯೂಸರು ನಡುಗಿದ. ಈ ನಾಡಿನಲ್ಲಿ ನಮ್ಮ ಅಭಿಪ್ರಾಯಕ್ಕೆ ಬೆಲೆ ಬಂದ ಕೆಲವೇ ಜಾಗಗಳಲ್ಲಿ ಅದೂ ಒಂದು. ಇನ್ನೊಂದು ವೋಟಿನ ಪೆಟ್ಟಿಗೆ. ಅದಾದರೂ ಐದು ವರ್ಷಕ್ಕೊಮ್ಮೆ. ಇದು ಪ್ರತಿ ಶುಕ್ರವಾರ.

*

ಈಗ ಆ ಜಾಗ ಏನಾಯಿತು ನೋಡೋಣ.

1981ರಲ್ಲಿ ಬೆಂಗಳೂರು ದೂರದರ್ಶನ ಬಂತು. ಆಮೇಲೆ ವಿಡಿಯೊ ಪಾರ್ಲರು, ಆಮೇಲೆ ಕೇಬಲ್ಲು. ಟೆಂಟುಗಳು ಒಂದೊಂದಾಗಿ ಮಡಚಿಕೊಂಡವು. 2004–05ರ ಹೊತ್ತಿಗೆ ಬೆಂಗಳೂರಿಗೆ ಮಾಲ್ ಜೊತೆ ಮಲ್ಟಿಪ್ಲೆಕ್ಸು ಬಂತು. ರೀಲು ಹೋಗಿ ಡಿಜಿಟಲ್ ಬಂದ ಮೇಲೆ ಪ್ರೊಜೆಕ್ಟರಿನ ಹಿಂದೆ ಬೆವರು ಸುರಿಸಿ ಕಲಿತ ಆಪರೇಟರನ ವಿದ್ಯೆ ಗುಜರಿಗೆ ಬಿತ್ತು. ಎಲ್ಲ ಊರಿಗೂ ಒಂದೇ ದಿನ ಸಿನಿಮಾ ಬಂದು ಎರಡನೇ ವಾರಕ್ಕೆ ಮಾಯವಾಗತೊಡಗಿತು. ಊರೂರು ಸುತ್ತಿ ವರ್ಷಗಟ್ಟಲೆ ಓಡುವ ಸಿನಿಮಾ ಅನ್ನುವುದೇ ಇಲ್ಲವಾಯಿತು. 2020ರ ಮಾರ್ಚಿನಲ್ಲಿ ಕೊರೋನಾ ಬಂದು ಏಳು ತಿಂಗಳು ಬೀಗ ಹಾಕಿಸಿತು. ತೆಗೆದಾಗ ಕೆಲವು ಬೀಗಗಳು ತೆರೆಯಲೇ ಇಲ್ಲ. ಮೈಸೂರಿನ ಶಾಂತಲಾ ಹಾಗೆ ಹೋಯಿತು.

ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ 1936ರಲ್ಲಿ ಕಟ್ಟಿದ್ದ ಪ್ಲಾಜಾ ಇದ್ದ ಜಾಗದಲ್ಲಿ ಈಗ ಮೆಟ್ರೊ ನಿಲ್ದಾಣವಿದೆ. 1968ರಲ್ಲಿ ತೆರೆದ ಕಪಾಲಿ 2017ರಲ್ಲಿ ಮುಚ್ಚಿ ನೆಲಸಮವಾಯಿತು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಯ ದಿನ ಮುಚ್ಚಿತು. 1974ರಲ್ಲಿ ಶುರುವಾದ ಕಾವೇರಿ 2024ರಲ್ಲಿ, ಐವತ್ತು ತುಂಬಿದ ವರ್ಷವೇ ಹೋಯಿತು. ಮೆಜೆಸ್ಟಿಕ್ ಅನ್ನುವ ಟಾಕೀಸಿನಿಂದ ಒಂದಿಡೀ ಬಡಾವಣೆಗೆ ಹೆಸರು ಬಂತು. ಟಾಕೀಸು ಹೋಯಿತು, ಬಸ್ಸಿನ ಕಂಡಕ್ಟರು ಮಾತ್ರ ಇವತ್ತಿಗೂ ಅದರ ಹೆಸರು ಕೂಗುತ್ತಿದ್ದಾನೆ.

ಇದೆಲ್ಲ ರಾಜಧಾನಿಯ ಕತೆ. ಸಣ್ಣ ಊರಿನ ಕತೆ ಬೇರೆ. ಅಲ್ಲಿ ಟಾಕೀಸಿನ ಜಾಗದಲ್ಲಿ ಎದ್ದು ನಿಂತದ್ದು ಏನು? ಹೋಗಿ ನೋಡಿ. ಬಹಳ ಕಡೆ ಕಲ್ಯಾಣ ಮಂಟಪ.

ಗೆಳೆಯರೇ, ಇದನ್ನು ನಾವು ಇಷ್ಟು ದಿನ ಗಮನಿಸದೆ ಹೋದದ್ದೇ ಆಶ್ಚರ್ಯ. ಟಾಕೀಸಿಗೆ ಬೇಕಾದದ್ದು ಟಿಕೆಟ್ಟು. ಕಲ್ಯಾಣ ಮಂಟಪಕ್ಕೆ ಬೇಕಾದದ್ದು ಲಗ್ನಪತ್ರಿಕೆ. ಟಿಕೆಟ್ಟಿನ ಮೇಲೆ ಇಲ್ಲದ್ದೆಲ್ಲ ಲಗ್ನಪತ್ರಿಕೆಯ ಮೇಲಿದೆ: ಅಪ್ಪನ ಹೆಸರು, ತಾತನ ಹೆಸರು, ಕುಲದೇವರು. ಅಲ್ಲಿ ಕೂರುವವರು ಯಾರ ನೆಂಟರು ಅಂತ ಗೊತ್ತಾಗಬೇಕು. ಒಂದೇ ಜಾತಿಯ ಎರಡು ಮನೆ ಸೇರಿ ಆ ಜಾತಿಯನ್ನು ಇನ್ನೊಂದು ತಲೆಮಾರಿಗೆ ದಾಟಿಸುವ ಕಾರ್ಖಾನೆ ಅದು. ಅಪರಿಚಿತರು ಪಕ್ಕಪಕ್ಕ ಕೂರುತ್ತಿದ್ದ ಕಟ್ಟಡ ಹೋಗಿ ಪರಿಚಿತರು ಮಾತ್ರ ಕೂರುವ ಕಟ್ಟಡ ಬಂತು. ಅದೇ ಗೋಡೆ, ಅದೇ ತಗಡು, ಅದೇ ಗೇಟು. ತೆರೆ ಇದ್ದ ಜಾಗದಲ್ಲಿ ಮಂಟಪ. ನಾವೀಗ ಒಳಗೆ ಹೋಗುವುದು ಎಲೆ ಎತ್ತೋಕೆ, ಇಲ್ಲಾ ಬಾಗಿಲಲ್ಲಿ ವಾಲಗ ಊದೋಕೆ.

ಯಾರೂ ಇದನ್ನು ಸಂಚು ಮಾಡಿ ಮಾಡಿದ್ದಲ್ಲ, ನಿಜ. ಯಜಮಾನ ಲಾಭ ನೋಡಿದ, ಅಷ್ಟೆ. ಆದರೆ ಲಾಭ ಅನ್ನುವುದು ಯಾರ ಪರ ಅಂತ ಇಲ್ಲೇ ತಿಳಿಯುತ್ತೆ. ನಮ್ಮ ಚಿಲ್ಲರೆ ಕಾಸು ಬೇಕಿದ್ದಾಗ ಅದು ಜಾತಿ ಮರೆತಿತ್ತು. ಬೇಡವಾದಾಗ ಎರಡೇ ದಿನದಲ್ಲಿ ಜಾತಿಯ ಮಡಿಲಿಗೆ ವಾಪಸು ಹೋಯಿತು. ಬಂಡವಾಳದಿಂದ ಸಮಾನತೆ ಬರುತ್ತೆ ಅಂತ ಪಾಠ ಹೇಳುವ ಪಂಡಿತರು ತಾಲ್ಲೂಕು ಕೇಂದ್ರದ ಯಾವುದಾದರೂ ಕಲ್ಯಾಣ ಮಂಟಪದ ಮುಂದೆ ಐದು ನಿಮಿಷ ನಿಲ್ಲಲಿ.

*

ಮಾಲ್ ಇದೆಯಲ್ಲ, ಅಲ್ಲಿ ಯಾರು ಬೇಕಾದರೂ ಹೋಗಬಹುದಲ್ಲ ಅಂತಾರೆ. ಹೋಗಬಹುದೆ?

2024ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಒಬ್ಬ ವಯಸ್ಸಾದ ರೈತ ಮಗನ ಜೊತೆ ಸಿನಿಮಾ ನೋಡಲು ಬೆಂಗಳೂರಿನ ಮಾಗಡಿ ರಸ್ತೆಯ ಜಿ.ಟಿ. ಮಾಲಿಗೆ ಹೋದರು. ಪಂಚೆ ಉಟ್ಟಿದ್ದರು ಅಂತ ಅವರನ್ನು ಒಳಗೆ ಬಿಡಲಿಲ್ಲ. ಗಲಾಟೆ ಆಯಿತು, ವಿಧಾನಸಭೆಯಲ್ಲಿ ಮಾತು ಬಂತು, ಸರ್ಕಾರ ಏಳು ದಿನ ಮಾಲ್ ಮುಚ್ಚಿಸಲು ಹೊರಟಿತು. ಒಳ್ಳೆಯದೇ ಆಯಿತು. ಆದರೆ ಯೋಚಿಸಿ: ಮೂರು ತಲೆಮಾರು ಪಂಚೆ ಉಟ್ಟುಕೊಂಡೇ, ಎಷ್ಟೋ ಜನ ಬರೀ ಚಡ್ಡಿಯಲ್ಲಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಟಾಕೀಸಿಗೆ ಹೋದರು. ಯಾವ ಗೇಟ್‌ಕೀಪರನೂ ಬಟ್ಟೆ ನೋಡಲಿಲ್ಲ. ಅದರ ಹಿಂದಿನ ವರ್ಷ, 2023ರ ಮಾರ್ಚಿನಲ್ಲಿ, ನೆರೆಯ ಚೆನ್ನೈನ ರೋಹಿಣಿ ಚಿತ್ರಮಂದಿರದಲ್ಲಿ ನರಿಕುರವ ಸಮುದಾಯದವರನ್ನು, ಕೈಯಲ್ಲಿ ಟಿಕೆಟ್ಟಿದ್ದರೂ, ಬಾಗಿಲಲ್ಲೇ ತಡೆದರು. ವಿಡಿಯೊ ಹರಡಿದ ಮೇಲೆ ಬಿಟ್ಟರು. ಮಕ್ಕಳ ವಯಸ್ಸಿನ ನೆಪ ಹೇಳಿದರು. ಅಲ್ಲಿಗೆ ಟಿಕೆಟ್ಟೊಂದೇ ಸಾಲದು, ಮೈಬಣ್ಣ ಬಟ್ಟೆಬರೆಯೂ ಒಪ್ಪಿಗೆಯಾಗಬೇಕು ಅನ್ನುವ ಕಾಲ ಬಂತು.

ತಡೆಯಲು ಮನುಷ್ಯ ಬೇಡ, ದರವೇ ಸಾಕು. ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕುತ್ತೇವೆ ಅಂತ ಕರ್ನಾಟಕ ಸರ್ಕಾರ 2017ರಲ್ಲಿ ಹೇಳಿತು, ನಡೆಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಮತ್ತೆ ನಿಯಮ ತಂದಿತು. ಮಲ್ಟಿಪ್ಲೆಕ್ಸಿನವರು ಕೋರ್ಟಿಗೆ ಹೋದರು, ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟಿತು. ಸರಿ, ಮಿತಿ ಜಾರಿಗೆ ಬಂತು ಅಂತಲೇ ಇಟ್ಟುಕೊಳ್ಳೋಣ. 200 ರೂಪಾಯಿ ತೆರಿಗೆ ಬಿಟ್ಟು. ನಾಲ್ಕು ಜನರ ಮನೆಗೆ 800, ಶೇಕಡಾ 18ರ ತೆರಿಗೆ ಸೇರಿ 944. ಉದ್ಯೋಗ ಖಾತ್ರಿಯಲ್ಲಿ 2025–26ಕ್ಕೆ ಕರ್ನಾಟಕಕ್ಕೆ ಗೊತ್ತು ಮಾಡಿದ್ದ ದಿನದ ಕೂಲಿ 370 ರೂಪಾಯಿ. ಎರಡೂವರೆ ದಿನ ಮಣ್ಣು ಹೊತ್ತರೂ ಸಾಲದು. ಬಸ್ ಚಾರ್ಜು, ಮಗುವಿಗೆ ಒಂದು ಪೊಟ್ಟಣ ಜೋಳದ ಹುರಿಗಾಳು, ಇವು ಲೆಕ್ಕಕ್ಕೇ ಸೇರಿಲ್ಲ. ಬಡವನಿಗೋಸ್ಕರ ಮಾಡಿದ ಮಿತಿಯೇ ಇಷ್ಟು ಎತ್ತರ ಇದ್ದರೆ ಮಿತಿಯಿಲ್ಲದ್ದು ಇನ್ನೆಷ್ಟು? ಸರ್ಕಾರ ಗಾಂಧಿ ಕ್ಲಾಸಿನವನನ್ನು ಮರೆತು ಬೆಂಚಿನವನಿಗೂ ಬಾಲ್ಕನಿಯವನಿಗೂ ರಾಜಿ ಮಾಡಿಸುತ್ತಿದೆ. ತೆರಿಗೆಯ ಕತೆಯೂ ಅಷ್ಟೇ. ಕನ್ನಡ ಚಿತ್ರಗಳಿಗಿದ್ದ ಮನರಂಜನಾ ತೆರಿಗೆಯ ವಿನಾಯಿತಿ 2017ರ ಜುಲೈ 1ರಂದು ಜಿ.ಎಸ್.ಟಿ. ಜೊತೆ ಹೋಯಿತು. ನೂರು ರೂಪಾಯಿಯೊಳಗಿನ ಟಿಕೆಟ್ಟಿನ ತೆರಿಗೆ ಶೇಕಡಾ 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರಿನಲ್ಲಿ. ಅಷ್ಟು ಹೊತ್ತಿಗೆ ಆ ಟಿಕೆಟ್ಟು ಹರಿಯುತ್ತಿದ್ದ ಎಷ್ಟೋ ಕಿಂಡಿಗಳಿಗೆ ಇಟ್ಟಿಗೆ ಕಟ್ಟಿ ಆಗಿತ್ತು.

*

ಕೊನೆಗೆ ಒಂದು ಜಾಣ ಪ್ರಶ್ನೆ ಬಂದೇ ಬರುತ್ತೆ: ಈಗ ಎಲ್ಲರ ಕೈಲೂ ಮೊಬೈಲಿದೆ, ಅದರಲ್ಲೇ ನೋಡಬಹುದಲ್ಲ, ಟಾಕೀಸು ಯಾಕೆ?

ನೋಡಬಹುದು. ಮನೆಯಲ್ಲೇ ದೇವರ ಫೋಟೊ ಇಟ್ಟುಕೊಂಡು ಕೈ ಮುಗಿಯಬಹುದಲ್ಲ, ಗುಡಿಯೊಳಗೆ ಯಾಕೆ ಬರಬೇಕು ಅಂತ ಹಿಂದೆ ಕೇಳಿದವರ ಪ್ರಶ್ನೆಯೂ ಇದೇ. ಮನೆಯಲ್ಲೇ ನೀರಿದ್ದರೂ ಮಹಾಡ್‌ನ ಕೆರೆಯ ನೀರನ್ನೇ ಯಾಕೆ ಮುಟ್ಟಬೇಕು ಅಂತ 1927ರಲ್ಲಿ ಕೇಳಿದವರೂ ಇದ್ದರು. ಪ್ರಶ್ನೆ ನೀರಿನದಾಗಿರಲಿಲ್ಲ. ಇಲ್ಲೂ ಪ್ರಶ್ನೆ ಸಿನಿಮಾದ್ದಲ್ಲ. ಎಲ್ಲರೂ ಬರುವ ಜಾಗಕ್ಕೆ ನಾವೂ ಬರುವುದು, ಬಂದು ಕೂರುವುದು, ಕೂತು ಕೂಗುವುದು, ಅದು. ಮೊಬೈಲು ನಮ್ಮನ್ನು ನಮ್ಮ ಕೇರಿಯಲ್ಲೇ, ನಮ್ಮ ಗುಡಿಸಲ ಮೂಲೆಯಲ್ಲೇ, ಒಬ್ಬೊಬ್ಬರನ್ನೇ ಕೂರಿಸಿ ತೃಪ್ತಿಪಡಿಸುತ್ತೆ. ಒಂಟಿಯಾಗಿ ಸಿಳ್ಳೆ ಹೊಡೆದರೆ ಯಾರು ನಡುಗುತ್ತಾರೆ?

ಹಾಗಾದರೆ ಏನು ಮಾಡೋಣ? ಸತ್ತ ಟಾಕೀಸುಗಳನ್ನೆಲ್ಲ ಎಬ್ಬಿಸಿ ಅಂತ ನಾವು ಕೇಳುತ್ತಿಲ್ಲ. ಕೇಳುವುದು ಇಷ್ಟು.

ಮುಚ್ಚುವ ಟಾಕೀಸಿನ ಜಾಗಕ್ಕೆ ಹೊಸ ಕಟ್ಟಡದ ಪರವಾನಗಿ ಕೊಡುವ ಮುನ್ನ, ಅಲ್ಲಿ ದುಡಿದವರ ಗ್ರಾಚ್ಯುಯಿಟಿ, ಭವಿಷ್ಯನಿಧಿ ಪೂರ್ತಿ ಚುಕ್ತಾ ಆಗಿದೆ ಅಂತ ಕಾಗದ ತೋರಿಸಬೇಕು. ತೋರಿಸದವನಿಗೆ ಪರವಾನಗಿ ಇಲ್ಲ. ಆ ಹೊಸ ಕಟ್ಟಡದೊಳಗೆ ಕಡಿಮೆ ದರದ ಒಂದು ಸಣ್ಣ ಹಾಲಾದರೂ ಉಳಿಯಬೇಕು. ಜನತಾ ಚಿತ್ರಮಂದಿರ ಅನ್ನುವ ಮಾತು ಸರ್ಕಾರಗಳ ಬಾಯಲ್ಲಿ ಎಷ್ಟೋ ಸಲ ಬಂದುಹೋಗಿದೆ. ಬಾಯಿಂದ ನೆಲಕ್ಕೆ ಇಳಿಯಲಿ.

ಸರ್ಕಾರ ಮಾಡುವವರೆಗೆ ಕಾಯಬೇಕಿಲ್ಲ. ತಾಲ್ಲೂಕು ತಾಲ್ಲೂಕಿನಲ್ಲಿ ಅಂಬೇಡ್ಕರ್ ಭವನಗಳಿವೆ, ಬಾಬು ಜಗಜೀವನರಾಮ್ ಭವನಗಳಿವೆ. ವರ್ಷಕ್ಕೆ ಎರಡು ಜಯಂತಿಗೆ ತೆಗೆದು ಉಳಿದ ದಿನ ಬೀಗ ಹಾಕುವ ಭವನಗಳು ಎಷ್ಟಿಲ್ಲ? ಆ ಬೀಗದ ಕೈ ಕೇಳಿ. ಒಂದು ಬಿಳಿ ಪರದೆ, ಒಂದು ಪ್ರೊಜೆಕ್ಟರು, ಎರಡು ಸ್ಪೀಕರು. ಹಕ್ಕಿರುವವರಿಂದ ಅನುಮತಿ ಪಡೆದು ಪ್ರತಿ ಶನಿವಾರ ಒಂದು ಸಿನಿಮಾ. ಹತ್ತು ರೂಪಾಯಿ ಟಿಕೆಟ್ಟು, ಎಲ್ಲರಿಗೂ ಒಂದೇ ದರ, ಬಾಲ್ಕನಿ ಇಲ್ಲ. ವಿದ್ಯಾರ್ಥಿಗಳು ಗೇಟು ನೋಡಿಕೊಳ್ಳಲಿ. ಹೆಂಗಸರು ರಾತ್ರಿ ಹೆದರದೆ ಮನೆ ಸೇರುವ ಹೊಣೆಯನ್ನು ಸಂಘಟನೆಯ ಗೆಳೆಯರು ಹೊರಲಿ. ಹಳ್ಳಿಯ ಮೇಷ್ಟ್ರುಗಳು ಇನ್ನೊಂದು ಕೆಲಸ ಮಾಡಲಿ: ತಮ್ಮೂರಿನ ಟೆಂಟಿನಲ್ಲಿ ಯಾರು ಎಲ್ಲಿ ಕೂರುತ್ತಿದ್ದರು, ಯಾರನ್ನು ಎಬ್ಬಿಸಿದರು, ಗುಡಿಸುತ್ತಿದ್ದವರು ಯಾರು ಅಂತ ಮುದುಕರ ಬಾಯಿಂದ ಮಕ್ಕಳ ಕೈಲಿ ಬರೆಸಲಿ. ಬಾಲ್ಕನಿಯ ನೆನಪು ಪತ್ರಿಕೆಯಲ್ಲಿ ಅಚ್ಚಾಗಿದೆ. ನೆಲದ ನೆನಪು ಆ ಮುದುಕರ ಜೊತೆ ಮಣ್ಣಾಗಬಾರದು.

ಭವನದ ಬಾಗಿಲಲ್ಲಿ ಯಾರ ಜಾತಿಯನ್ನೂ ಕೇಳಬೇಡಿ. ಗೌಡರ ಮಗ ಬಂದರೆ ಅವನಿಗೂ ಹತ್ತು ರೂಪಾಯಿಯ ಟಿಕೆಟ್ಟೇ ಕೊಡಿ. ಒಳಗೆ ಬಂದು ನಮ್ಮ ಪಕ್ಕದಲ್ಲಿ ನೆಲದ ಮೇಲೆ ಕೂರಲಿ. ಕೂರಲಾರೆ ಅಂದರೆ ಹೊರಗಡೆ ಜಾಗ ಬೇಕಾದಷ್ಟಿದೆ.